ಮುದ್ರಣ ಕಡತಗಳು ಮತ್ತು ಪಿಡಿಎಫ್ ದಾಖಲೆಗಳು

ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಬರಹವು ಕಾಗದದ ಮೇಲೆ ಮೂಡುವ ಮುನ್ನ ಕಣ್ಣಿಗೆ ಕಾಣದ ಒಂದು ರೂಪಾಂತರವನ್ನು ಹೊಂದುತ್ತದೆ. ಪರದೆಯ ಮೇಲಿನ ಪುಟವನ್ನು ಪ್ರಿಂಟರ್ ನೇರವಾಗಿ ಅರಿಯಲಾರದು. ಅದಕ್ಕೆ ತಿಳಿಯುವ ಆದೇಶಗಳ ಭಾಷೆಗೆ ಪುಟವನ್ನು ಪರಿವರ್ತಿಸಿ ಕಳುಹಿಸಬೇಕಾಗುತ್ತದೆ. ಹೀಗೆ ಪರಿವರ್ತಿತವಾದ ಆದೇಶಗಳ ಸಂಗ್ರಹವೇ ಮುದ್ರಣ ಕಡತ. ಇಂದು ಕಚೇರಿ, ಬ್ಯಾಂಕು, ವಿಶ್ವವಿದ್ಯಾಲಯ, ಮುದ್ರಣಾಲಯಗಳಲ್ಲೆಲ್ಲ ಬಳಕೆಯಲ್ಲಿರುವ ಪಿಡಿಎಫ್ ಸ್ವರೂಪವು ಈ ಮುದ್ರಣ ಕಡತಗಳ ಪರಂಪರೆಯಿಂದಲೇ ಹುಟ್ಟಿಬಂದುದಾದರೂ ಅದರ ಉದ್ದೇಶ ಬೇರೆ. ಮುದ್ರಣ ಕಡತವು ಒಂದು ಯಂತ್ರಕ್ಕೆ ನೀಡಿದ ಆಜ್ಞೆ. ಪಿಡಿಎಫ್ ಎಲ್ಲರೂ ಓದಬಹುದಾದ, ಬಹುಕಾಲ ಕಾಪಾಡಬಹುದಾದ ದಾಖಲೆ.

ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗರಿಗೆ ಈ ಭೇದವು ಕೇವಲ ತಾಂತ್ರಿಕವಾದುದಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳ ಕನ್ನಡ ಸಂಘಗಳು ಹೊರತರುವ ಸ್ಮರಣ ಸಂಚಿಕೆ, ವಾರ್ಷಿಕ ವರದಿ, ಆಮಂತ್ರಣ ಪತ್ರಿಕೆಗಳು ಕನ್ನಡ ಫಾಂಟ್ ಇಲ್ಲದ, ಕನ್ನಡ ಓದಬಲ್ಲವರಿಲ್ಲದ ಮುದ್ರಣಾಲಯಗಳ ಕೈ ಸೇರುವ ಸಂದರ್ಭಗಳುಂಟು. ಒತ್ತಕ್ಷರವೊಂದು ಕಳಚಿದರೂ, ಅರ್ಕಾವತ್ತು ಸ್ಥಳ ಬದಲಿಸಿದರೂ ಅಲ್ಲಿ ಗುರುತಿಸಿ ತಿದ್ದುವವರಿರುವುದಿಲ್ಲ. ಆದುದರಿಂದ ಅಕ್ಷರಗಳ ರೂಪವೂ ಪದಗಳ ಅರ್ಥವೂ ಕಡತದೊಳಗೇ ಭದ್ರವಾಗಿರಬೇಕು. ಯಾವ ಮಾರ್ಗದಿಂದ ಪಿಡಿಎಫ್ ತಯಾರಿಸಿದರೆ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದನ್ನು ತಿಳಿಯಲು ಮುದ್ರಣ ಕಡತಗಳ ಪರಿಚಯ ಅವಶ್ಯಕ.

ಚುಕ್ಕಿಗಳಿಂದ ಪುಟ

ಲೇಸರ್ ಪ್ರಿಂಟರ್ ಆಗಲಿ, ಶಾಯಿ ಸಿಂಪಡಿಸುವ ಇಂಕ್‌ಜೆಟ್ ಪ್ರಿಂಟರ್ ಆಗಲಿ, ಪುಟವನ್ನು ಅತಿ ಸೂಕ್ಷ್ಮವಾದ ಚುಕ್ಕಿಗಳಿಂದ ರಚಿಸುತ್ತದೆ. ಸಾಮಾನ್ಯ ಬಳಕೆಯ ಎ4 ಹಾಳೆಯ ಅಳತೆ 210 ಮಿಲಿಮೀಟರ್ ಅಗಲ ಮತ್ತು 297 ಮಿಲಿಮೀಟರ್ ಉದ್ದ. ಅಂಗುಲಕ್ಕೆ 300 ಚುಕ್ಕಿಗಳಂತೆ ಲೆಕ್ಕ ಹಾಕಿದರೆ ಈ ಹಾಳೆಯಲ್ಲಿ ಅಡ್ಡಲಾಗಿ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕಿಗಳ ಸ್ಥಾನಗಳಿರುತ್ತವೆ. ಅಂಗುಲಕ್ಕೆ 600 ಚುಕ್ಕಿಗಳಾದರೆ ಈ ಸಂಖ್ಯೆ ನಾಲ್ಕು ಪಟ್ಟು ಹೆಚ್ಚಿ ಸುಮಾರು 3 ಕೋಟಿ 48 ಲಕ್ಷವಾಗುತ್ತದೆ. ಪ್ರತಿಯೊಂದು ಸ್ಥಾನದಲ್ಲೂ ಮಸಿ ಬೀಳಬೇಕೆ ಬೇಡವೆ ಎಂಬುದು ಮುದ್ರಣಕ್ಕೆ ಮುನ್ನ ನಿರ್ಧಾರವಾಗಬೇಕು.

ಈ ನಿರ್ಧಾರವನ್ನು ಯಾರು ಕೈಗೊಳ್ಳಬೇಕು ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳುಂಟು. ಮೊದಲನೆಯ ಬಗೆಯಲ್ಲಿ ಗಣಕಯಂತ್ರವೇ ಎಲ್ಲ ಚುಕ್ಕಿಗಳನ್ನೂ ಲೆಕ್ಕ ಹಾಕಿ, ಸಿದ್ಧ ಚಿತ್ರವನ್ನು ಪ್ರಿಂಟರಿಗೆ ರವಾನಿಸುತ್ತದೆ. ಕಡಿಮೆ ಬೆಲೆಯ ಅನೇಕ ಪ್ರಿಂಟರುಗಳು ಈ ಕ್ರಮವನ್ನು ಅನುಸರಿಸುತ್ತವೆ. ಇಂತಹ ಕಡತದಲ್ಲಿ ಅಕ್ಷರಗಳೂ ಇಲ್ಲ, ಪದಗಳೂ ಇಲ್ಲ. ಇರುವುದು ಚುಕ್ಕಿಗಳು ಮಾತ್ರ. ಆ ಮಾದರಿಯ ಪ್ರಿಂಟರನ್ನು ಬಿಟ್ಟರೆ ಅದನ್ನು ಅರಿಯಬಲ್ಲ ಯಂತ್ರಗಳೂ ವಿರಳ. ಎರಡನೆಯ ಬಗೆಯಲ್ಲಿ ಗಣಕಯಂತ್ರವು ಪುಟದ ವರ್ಣನೆಯನ್ನು ಮಾತ್ರ ಕಳುಹಿಸುತ್ತದೆ. ಇಂತಹ ಸ್ಥಳದಲ್ಲಿ, ಇಂತಹ ಅಳತೆಯಲ್ಲಿ, ಈ ಅಕ್ಷರವನ್ನು ಮೂಡಿಸು ಎಂಬ ಆದೇಶಗಳನ್ನು ಓದಿ, ಪ್ರಿಂಟರ್ ತನ್ನ ಸಾಮರ್ಥ್ಯಕ್ಕೆ ತಕ್ಕಂತೆ ಚುಕ್ಕಿಗಳನ್ನು ರಚಿಸುತ್ತದೆ. ಈ ವರ್ಣನೆಗೆ ಬಳಸುವ ಭಾಷೆಗಳನ್ನು ಪುಟವರ್ಣನಾ ಭಾಷೆಗಳೆನ್ನುತ್ತಾರೆ. ಅವುಗಳಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಮತ್ತು ಪಿಸಿಎಲ್ ಪ್ರಮುಖವಾದವು.

ಪೋಸ್ಟ್‌ಸ್ಕ್ರಿಪ್ಟ್ ಮತ್ತು ಪಿಸಿಎಲ್

ಅಮೆರಿಕದ ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕೆ ಅವರು 1982ರಲ್ಲಿ ಅಡೋಬಿ ಸಂಸ್ಥೆಯನ್ನು ಸ್ಥಾಪಿಸಿದರು. ಈ ಸಂಸ್ಥೆ ರೂಪಿಸಿದ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯು 1984ರಲ್ಲಿ ಬಳಕೆಗೆ ಬಂದಿತು. ಮರುವರ್ಷ ಆ್ಯಪಲ್ ಸಂಸ್ಥೆಯ ಲೇಸರ್‌ರೈಟರ್ ಪ್ರಿಂಟರ್ ಮತ್ತು ಆಲ್ಡಸ್ ಸಂಸ್ಥೆಯ ಪೇಜ್‌ಮೇಕರ್ ತಂತ್ರಾಂಶಗಳು ಇದನ್ನು ಆಶ್ರಯಿಸಿ ಹೊರಬಂದವು. ಮೇಜಿನ ಮೇಲಿನ ಗಣಕಯಂತ್ರದಿಂದಲೇ ಪುಟವಿನ್ಯಾಸ ಮಾಡುವ ಡಿಟಿಪಿ ಪದ್ಧತಿಗೆ ಇದು ನಾಂದಿಯಾಯಿತು. 1990ರ ದಶಕದಲ್ಲಿ ಭಾರತೀಯ ಭಾಷೆಗಳ ಮುದ್ರಣಾಲಯಗಳು ಮೊಳೆ ಜೋಡಣೆಯಿಂದ ಗಣಕ ಜೋಡಣೆಗೆ ಬದಲಾದುದೂ ಈ ಪದ್ಧತಿಯ ಬಲದಿಂದಲೇ.

ಪೋಸ್ಟ್‌ಸ್ಕ್ರಿಪ್ಟ್‌ನ ವೈಶಿಷ್ಟ್ಯವೆಂದರೆ ಅದು ಯಂತ್ರದ ಚುಕ್ಕಿಗಳನ್ನು ಅವಲಂಬಿಸುವುದಿಲ್ಲ. ಅಂಗುಲದ 72ನೇ ಒಂದು ಭಾಗವನ್ನು ಮೂಲಮಾನವಾಗಿ ಇಟ್ಟುಕೊಂಡು ಪುಟದ ಮೇಲಿನ ಪ್ರತಿಯೊಂದು ಸ್ಥಾನವನ್ನೂ ಅದು ಸೂಚಿಸುತ್ತದೆ. ಈ ಮಾನದಲ್ಲಿ ಎ4 ಹಾಳೆಯು ಸುಮಾರು 595 ಅಗಲ, 842 ಉದ್ದ. ಅಕ್ಷರಗಳನ್ನು ರೇಖೆ ಮತ್ತು ವಕ್ರರೇಖೆಗಳ ಬಾಹ್ಯರೂಪವಾಗಿ ವರ್ಣಿಸುವುದರಿಂದ ಅದೇ ಕಡತವು ಅಂಗುಲಕ್ಕೆ 300 ಚುಕ್ಕಿಗಳ ಪ್ರಿಂಟರಿನಲ್ಲಿ ಸಾಧಾರಣವಾಗಿಯೂ, 2400 ಚುಕ್ಕಿಗಳ ಮುದ್ರಣಾಲಯ ಯಂತ್ರದಲ್ಲಿ ಅತಿ ನಯವಾಗಿಯೂ ಮೂಡುತ್ತದೆ. ಜೊತೆಗೆ ಪೋಸ್ಟ್‌ಸ್ಕ್ರಿಪ್ಟ್ ಒಂದು ಪೂರ್ಣ ಪ್ರಮಾಣದ ಕಾರ್ಯಕ್ರಮ ಭಾಷೆ. ಲೆಕ್ಕ ಮಾಡುವುದು, ಆವರ್ತನೆ, ಷರತ್ತುಗಳು ಎಲ್ಲವೂ ಅದರಲ್ಲಿ ಸಾಧ್ಯ.

ಇದೇ ಅವಧಿಯಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಪಿಸಿಎಲ್ ಭಾಷೆಯು, 1984ರಲ್ಲಿ ಮಾರುಕಟ್ಟೆಗೆ ಬಂದ ಲೇಸರ್‌ಜೆಟ್ ಪ್ರಿಂಟರುಗಳ ಮೂಲಕ ಕಚೇರಿಗಳಲ್ಲಿ ವ್ಯಾಪಿಸಿತು. ವೇಗ ಮತ್ತು ಮಿತವ್ಯಯಗಳು ಅದರ ಗುರಿ. ಪತ್ರ, ಪಟ್ಟಿ, ವರದಿಗಳನ್ನು ಕಚೇರಿಯ ಪ್ರಿಂಟರಿನಲ್ಲಿ ತ್ವರಿತವಾಗಿ ಮುದ್ರಿಸಲು ಅದು ಸಮರ್ಥವಾದುದು. ಆದರೆ ಅದರ ಕಡತಗಳು ನಿರ್ದಿಷ್ಟ ಪ್ರಿಂಟರಿನ ಸೌಲಭ್ಯಗಳನ್ನು ಹೆಚ್ಚಾಗಿ ಅವಲಂಬಿಸುತ್ತವೆ. ಬೇರೆ ಯಂತ್ರಕ್ಕೆ ಒಯ್ದಾಗ ಅಂಚು, ಅಕ್ಷರ, ಸಾಲುಗಳ ಹಂಚಿಕೆ ಬದಲಾಗುವ ಸಂಭವವಿರುತ್ತದೆ.

ಪಿಡಿಎಫ್‌ನ ಉದಯ

ಪೋಸ್ಟ್‌ಸ್ಕ್ರಿಪ್ಟ್ ಮುದ್ರಣಕ್ಕೆ ಅನುಕೂಲವಾದರೂ ಓದಲು ಅನುಕೂಲವಾಗಿರಲಿಲ್ಲ. ಅದು ಕಾರ್ಯಕ್ರಮವಾದುದರಿಂದ ನೂರೈವತ್ತನೆಯ ಪುಟವನ್ನು ನೋಡಬೇಕಾದರೂ ಹಿಂದಿನ ಪುಟಗಳ ಆದೇಶಗಳನ್ನು ಕ್ರಮವಾಗಿ ನಡೆಸಿಯೇ ಮುಂದುವರಿಯಬೇಕಾಗಬಹುದಿತ್ತು. ಯಾವುದೇ ಗಣಕಯಂತ್ರದಿಂದ ಯಾವುದೇ ಗಣಕಯಂತ್ರಕ್ಕೆ ದಾಖಲೆಯನ್ನು ಕಳುಹಿಸಿ, ಅದು ಮೂಲದಂತೆಯೇ ಕಾಣುವಂತೆ ಮಾಡುವ ಉಪಾಯವನ್ನು ವಾರ್ನಾಕ್ ಅವರು 1990ರ ದಶಕದ ಆರಂಭದಲ್ಲಿ ಕ್ಯಾಮಲಾಟ್ ಎಂಬ ಹೆಸರಿನ ಯೋಜನೆಯಲ್ಲಿ ಮುಂದಿಟ್ಟರು. ಅದರ ಫಲವಾಗಿ 1993ರಲ್ಲಿ ಪಿಡಿಎಫ್ ಸ್ವರೂಪವೂ ಅದನ್ನು ತಯಾರಿಸುವ, ಓದುವ ಅಕ್ರೋಬ್ಯಾಟ್ ತಂತ್ರಾಂಶವೂ ಪ್ರಕಟವಾದವು.

ಪೋಸ್ಟ್‌ಸ್ಕ್ರಿಪ್ಟ್‌ನ ಚಿತ್ರಣ ಕ್ರಮವನ್ನು ಪಿಡಿಎಫ್ ಬಹುಮಟ್ಟಿಗೆ ಉಳಿಸಿಕೊಂಡಿತು. ಕಾರ್ಯಕ್ರಮದ ಗುಣವನ್ನು ಮಾತ್ರ ಕೈಬಿಟ್ಟಿತು. ಪ್ರತಿಯೊಂದು ಪುಟವೂ ಸ್ವತಂತ್ರವಾಗಿ ವರ್ಣಿತವಾಗಿರುತ್ತದೆ. ಯಾವ ವಸ್ತು ಕಡತದ ಯಾವ ಸ್ಥಾನದಲ್ಲಿದೆ ಎಂಬುದರ ಸೂಚಿಯನ್ನು ಸಾಮಾನ್ಯವಾಗಿ ಕಡತದ ಕೊನೆಯಲ್ಲಿ ಇರಿಸಲಾಗುತ್ತದೆ. ಓದುವ ತಂತ್ರಾಂಶವು ಮೊದಲು ಈ ಸೂಚಿಯನ್ನು ನೋಡಿ, ಬೇಕಾದ ಪುಟವನ್ನು ಒಡನೆಯೇ ತೆರೆಯುತ್ತದೆ. ಗ್ರಂಥದ ಪುಟಗಳನ್ನು ಒಂದೊಂದಾಗಿ ಮಗುಚದೆ ವಿಷಯಸೂಚಿಯ ನೆರವಿನಿಂದ ಪ್ರಕರಣಕ್ಕೆ ಹೋಗುವಂತೆಯೇ ಇದು.

ಮೊದಲಿಗೆ ಒಂದು ಸಂಸ್ಥೆಯ ಸ್ವತ್ತಾಗಿದ್ದ ಈ ಸ್ವರೂಪವು 2008ರಲ್ಲಿ ಐಎಸ್‌ಒ 32000 ಎಂಬ ಅಂತಾರಾಷ್ಟ್ರೀಯ ಮಾನಕವಾಯಿತು. ಅದರ ಎರಡನೆಯ ಆವೃತ್ತಿ 2017ರಲ್ಲಿ ಪ್ರಕಟವಾಯಿತು. ಹೀಗಾಗಿ ಪಿಡಿಎಫ್ ಕಡತವನ್ನು ತಯಾರಿಸಲು ಅಥವಾ ಓದಲು ಯಾವುದೇ ಒಂದು ಸಂಸ್ಥೆಯ ತಂತ್ರಾಂಶವನ್ನೇ ಆಶ್ರಯಿಸಬೇಕಾದ ಅಗತ್ಯವಿಲ್ಲ.

ಕಡತಕ್ಕೆ ಮುದ್ರಿಸುವುದು

ಮುದ್ರಣದ ಆದೇಶ ನೀಡುವಾಗ, ಕಾಗದಕ್ಕೆ ಬದಲಾಗಿ ಕಡತಕ್ಕೆ ಮುದ್ರಿಸು ಎಂಬ ಆಯ್ಕೆಯನ್ನು ಅನೇಕರು ಕಂಡಿರಬಹುದು. ಇದನ್ನು ಆರಿಸಿದರೆ ಪ್ರಿಂಟರಿಗೆ ಹೋಗಬೇಕಾದ ಆದೇಶಗಳು ಡಿಸ್ಕಿನಲ್ಲಿ ಉಳಿಯುತ್ತವೆ. ವಿಂಡೋಸ್ ವ್ಯವಸ್ಥೆಯಲ್ಲಿ ಇಂತಹ ಕಡತಕ್ಕೆ ಸಾಮಾನ್ಯವಾಗಿ ಪಿಆರ್‌ಎನ್ ಎಂಬ ಉಪನಾಮ ದೊರೆಯುತ್ತದೆ. ಪಿಆರ್‌ಎನ್ ಎಂಬುದು ಒಂದು ನಿರ್ದಿಷ್ಟ ಸ್ವರೂಪವಲ್ಲ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಗಣಕಯಂತ್ರದಲ್ಲಿ ಆಯ್ಕೆಯಾಗಿರುವ ಪ್ರಿಂಟರ್ ಡ್ರೈವರ್ ಯಾವ ಭಾಷೆಯನ್ನು ಬರೆಯುತ್ತದೆಯೋ ಆ ಭಾಷೆಯೇ ಅದರೊಳಗಿರುತ್ತದೆ. ಒಂದೇ ಉಪನಾಮದ ಎರಡು ಕಡತಗಳಲ್ಲಿ ಒಂದು ಪೋಸ್ಟ್‌ಸ್ಕ್ರಿಪ್ಟ್, ಮತ್ತೊಂದು ಪಿಸಿಎಲ್ ಆಗಿರಬಹುದು. ಮೂರನೆಯದು ಬರಿಯ ಚುಕ್ಕಿಗಳ ಸಮೂಹವಾಗಿರಬಹುದು. ಕಡತದ ಉಪನಾಮವನ್ನು ಪಿಡಿಎಫ್ ಎಂದು ಬದಲಿಸಿದ ಮಾತ್ರಕ್ಕೆ ಒಳಗಿನ ಭಾಷೆ ಬದಲಾಗುವುದಿಲ್ಲ. ಲಕೋಟೆಯ ಮೇಲಿನ ವಿಳಾಸವನ್ನು ತಿದ್ದಿದರೆ ಒಳಗಿನ ಪತ್ರ ತಿದ್ದಿದಂತಾಗದು.

ಒಳಗಿನ ಭಾಷೆಯನ್ನು ಗುರುತಿಸಲು ಸುಲಭವಾದ ಮಾರ್ಗವಿದೆ. ಕಡತದ ಒಂದು ಪ್ರತಿಯನ್ನು ಸಾಧಾರಣ ಪಠ್ಯ ಸಂಪಾದಕ ತಂತ್ರಾಂಶದಲ್ಲಿ ತೆರೆದು ಮೊದಲ ಸಾಲುಗಳನ್ನು ನೋಡಬೇಕು. ಪೋಸ್ಟ್‌ಸ್ಕ್ರಿಪ್ಟ್ ಕಡತವು ಶೇಕಡಾ ಚಿಹ್ನೆ, ಆಶ್ಚರ್ಯಸೂಚಕ ಚಿಹ್ನೆ, ಅನಂತರ ಪಿಎಸ್ ಎಂಬ ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುತ್ತದೆ. ಪಿಡಿಎಫ್ ಕಡತದಲ್ಲಿ ಶೇಕಡಾ ಚಿಹ್ನೆಯ ಅನಂತರ ಪಿಡಿಎಫ್ ಎಂಬ ಅಕ್ಷರಗಳೂ ಆವೃತ್ತಿಯ ಸಂಖ್ಯೆಯೂ ಇರುತ್ತವೆ. ಆರಂಭದಲ್ಲಿ ಪಿಜೆಎಲ್ ಎಂಬ ಅಕ್ಷರಗಳುಳ್ಳ ಕೆಲವು ಸಾಲುಗಳಿದ್ದರೆ ಅವು ಪ್ರಿಂಟರಿಗೆ ನೀಡಿದ ಪೂರ್ವಸೂಚನೆಗಳು. ಮುಂದೆ ಬರುವ ಭಾಷೆ ಯಾವುದೆಂಬುದನ್ನೂ ಅವು ತಿಳಿಸಬಹುದು.

ಪೋಸ್ಟ್‌ಸ್ಕ್ರಿಪ್ಟ್ ಕಡತವನ್ನು ಪಿಡಿಎಫ್ ಆಗಿ ಪರಿವರ್ತಿಸಲು ಅಕ್ರೋಬ್ಯಾಟ್ ಡಿಸ್ಟಿಲರ್, ಮುಕ್ತ ತಂತ್ರಾಂಶವಾದ ಘೋಸ್ಟ್‌ಸ್ಕ್ರಿಪ್ಟ್ ಮುಂತಾದ ಸಾಧನಗಳಿವೆ. 1990ರ ದಶಕದಲ್ಲಿ ಮುದ್ರಣಾಲಯಗಳು ಅನುಸರಿಸುತ್ತಿದ್ದ ರಾಜಮಾರ್ಗವೇ ಇದು. ಆದರೆ ಈ ಮಾರ್ಗಕ್ಕೆ ಮಿತಿಗಳೂ ಇವೆ. ಮೂಲ ಬರಹದಲ್ಲಿದ್ದ ಕೊಂಡಿಗಳು, ಅಧ್ಯಾಯಗಳ ಸೂಚಿ, ಶೀರ್ಷಿಕೆ ಮತ್ತು ಪರಿಚ್ಛೇದಗಳ ರಚನೆ ಇವು ಕಾಗದಕ್ಕೆ ಬೇಡವಾದುದರಿಂದ ಮುದ್ರಣ ಕಡತದಲ್ಲಿ ಸಾಮಾನ್ಯವಾಗಿ ಉಳಿಯುವುದಿಲ್ಲ. ಪಾರದರ್ಶಕ ಚಿತ್ರಗಳನ್ನು ಪೋಸ್ಟ್‌ಸ್ಕ್ರಿಪ್ಟ್ ಅರಿಯದು. 2001ರಲ್ಲಿ ಬಂದ ಪಿಡಿಎಫ್ 1.4 ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿತು. ಆದ್ದರಿಂದ ಪೋಸ್ಟ್‌ಸ್ಕ್ರಿಪ್ಟ್ ಮೂಲಕ ಹಾದುಬಂದ ಪಾರದರ್ಶಕ ಭಾಗಗಳು ಚಪ್ಪಟೆಯಾಗಿ, ಬೇರ್ಪಡಿಸಲಾಗದಂತೆ ಬೆರೆತುಹೋಗುತ್ತವೆ.

ಹಳೆಯ ಪೋಸ್ಟ್‌ಸ್ಕ್ರಿಪ್ಟ್ ಕಡತಗಳನ್ನು ಉಳಿಸಿಕೊಂಡಿರುವ ಸಂಸ್ಥೆಗಳು ವಿಳಂಬವಿಲ್ಲದೆ ಅವುಗಳನ್ನು ಪಿಡಿಎಫ್‌ಗೆ ಪರಿವರ್ತಿಸಿಕೊಳ್ಳುವುದು ಒಳಿತು. 2022ರ ಮ್ಯಾಕ್ ಕಾರ್ಯನಿರ್ವಹಣಾ ವ್ಯವಸ್ಥೆಯಿಂದ ಮೊದಲ್ಗೊಂಡು ಅದರ ಪ್ರಿವ್ಯೂ ತಂತ್ರಾಂಶವು ಇಂತಹ ಕಡತಗಳನ್ನು ತೆರೆಯುವುದನ್ನು ನಿಲ್ಲಿಸಿದೆ. ಮುದ್ರಣ ಕಡತವು ಶಾಶ್ವತ ದಾಖಲೆಯಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಕನ್ನಡ ಅಕ್ಷರಗಳ ರೂಪರಕ್ಷಣೆ

ಪುಟವು ಎಲ್ಲೆಡೆಯೂ ಒಂದೇ ರೀತಿ ಕಾಣಬೇಕಾದರೆ ಅಕ್ಷರಗಳ ಆಕಾರವನ್ನೊಳಗೊಂಡ ಫಾಂಟ್ ಕಡತದೊಳಗೇ ಅಡಕವಾಗಿರಬೇಕು. ಪ್ರಿಂಟರ್ ಡ್ರೈವರಿನ ಆಯ್ಕೆಗಳಲ್ಲಿ, ಪ್ರಿಂಟರಿನಲ್ಲಿರುವ ಫಾಂಟನ್ನೇ ಬಳಸು ಎಂಬುದೂ ಒಂದು. ಹಾಗೆ ಆರಿಸಿದಾಗ ಕಡತದಲ್ಲಿ ಫಾಂಟಿನ ಹೆಸರು ಮಾತ್ರ ಇರುತ್ತದೆ, ಆಕಾರವಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ವಿಷಯದಲ್ಲಿ ಇದರಿಂದ ಹೆಚ್ಚಿನ ಹಾನಿಯಾಗದಿರಬಹುದು, ಏಕೆಂದರೆ ಬದಲಿ ಫಾಂಟ್ ಎಲ್ಲೆಡೆಯೂ ದೊರೆಯುತ್ತದೆ. ಚೆನ್ನೈಯ ಅಥವಾ ದೆಹಲಿಯ ಮುದ್ರಣಾಲಯದ ಗಣಕಯಂತ್ರದಲ್ಲಿ ಅದೇ ಕನ್ನಡ ಫಾಂಟ್ ಇರುವ ಭರವಸೆಯಿಲ್ಲ. ಆಗ ಅಕ್ಷರಗಳ ಸ್ಥಾನದಲ್ಲಿ ಖಾಲಿ ಚೌಕಗಳೋ ಅರ್ಥವಿಲ್ಲದ ಚಿಹ್ನೆಗಳೋ ಮೂಡುತ್ತವೆ.

ಪಿಡಿಎಫ್ ತಯಾರಿಸುವಾಗ ಫಾಂಟನ್ನು ಅಡಕಗೊಳಿಸುವ ಆಯ್ಕೆಯನ್ನು ಇಟ್ಟುಕೊಂಡರೆ ಈ ತೊಂದರೆ ನಿವಾರಣೆಯಾಗುತ್ತದೆ. ಇಡೀ ಫಾಂಟನ್ನು ಸೇರಿಸಬೇಕಾಗಿಲ್ಲ. ದಾಖಲೆಯಲ್ಲಿ ಬಳಕೆಯಾದ ಆಕಾರಗಳನ್ನಷ್ಟೇ ಸೇರಿಸಿದರೂ ಸಾಕು. ಇದರಿಂದ ಕಡತದ ಗಾತ್ರವೂ ಮಿತವಾಗಿರುತ್ತದೆ. ಕೆಲವು ಫಾಂಟುಗಳ ತಯಾರಕರು ಅಡಕಗೊಳಿಸುವುದನ್ನು ನಿರ್ಬಂಧಿಸಿರುತ್ತಾರೆ. ಅಂತಹ ಫಾಂಟುಗಳನ್ನು ಆರಂಭದಲ್ಲೇ ಗುರುತಿಸಿ, ಬೇರೆ ಫಾಂಟನ್ನು ಆರಿಸಿಕೊಳ್ಳುವುದು ಕ್ಷೇಮ.

ರೂಪದೊಡನೆ ಅರ್ಥದ ರಕ್ಷಣೆ

ಅಕ್ಷರದ ಆಕಾರ ಉಳಿದ ಮಾತ್ರಕ್ಕೆ ಪದ ಉಳಿದಂತಾಗುವುದಿಲ್ಲ. ಕನ್ನಡ ಪಿಡಿಎಫ್‌ಗಳಲ್ಲಿ ಅತ್ಯಂತ ಮುಖ್ಯವಾದ, ಆದರೆ ಸುಲಭವಾಗಿ ಕಡೆಗಣಿಸಲ್ಪಡುವ ಅಂಶವಿದು. ಕಾಗದಕ್ಕೆ ಬೇಕಾದುದು ಆಕಾರ ಮಾತ್ರ. ಹುಡುಕಲು, ನಕಲಿಸಲು, ದೃಷ್ಟಿದೋಷವುಳ್ಳವರಿಗೆ ಗಣಕಯಂತ್ರದಿಂದ ಓದಿಸಲು ಪ್ರತಿಯೊಂದು ಆಕಾರವೂ ಯಾವ ಅಕ್ಷರವನ್ನು ಸೂಚಿಸುತ್ತದೆ ಎಂಬ ಮಾಹಿತಿಯೂ ಕಡತದಲ್ಲಿರಬೇಕು.

ಜಗತ್ತಿನ ಲಿಪಿಗಳಿಗೆ ಏಕರೂಪದ ಸಂಕೇತಗಳನ್ನು ನೀಡುವ ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ 128 ಸ್ಥಾನಗಳ ವಿಭಾಗವೊಂದು ಮೀಸಲಾಗಿದೆ. ಕರ್ನಾಟಕ ಎಂಬ ಪದವನ್ನು ಯೂನಿಕೋಡ್‌ನಲ್ಲಿ ಬರೆದಾಗ ಉಚ್ಚಾರಣೆಯ ಕ್ರಮದಲ್ಲಿ ಏಳು ಸಂಕೇತಗಳು ದಾಖಲಾಗುತ್ತವೆ: ಕಕಾರ, ರಕಾರ, ಹಲಂತ ಚಿಹ್ನೆ, ನಕಾರ, ದೀರ್ಘದ ಚಿಹ್ನೆ, ಟಕಾರ, ಕಕಾರ. ಪುಟದ ಮೇಲೆ ಮಾತ್ರ ಅರ್ಕಾವತ್ತು ನಾ ಎಂಬ ಅಕ್ಷರದ ಬಲಕ್ಕೆ ಬಂದು ನಿಲ್ಲುತ್ತದೆ. ಮುದ್ರಣ ಕಡತವು ಈ ದೃಶ್ಯಕ್ರಮವನ್ನಷ್ಟೇ ಅರಿತಿರುವುದರಿಂದ, ಅದರಿಂದ ಹುಟ್ಟಿದ ಪಿಡಿಎಫ್‌ನಿಂದ ಪದವನ್ನು ನಕಲಿಸಿದಾಗ ಅದು ಕನಾರ್ಟಕ ಎಂದಾಗಬಹುದು. ಧರ್ಮ ಎಂಬುದು ಧಮರ್ ಆಗಬಹುದು. ಕಣ್ಣಿಗೆ ಪುಟ ನಿರ್ದೋಷವಾಗಿಯೇ ಕಾಣುತ್ತಿದ್ದರೂ ಆ ದಾಖಲೆಯಲ್ಲಿ ಕರ್ನಾಟಕ ಎಂದು ಹುಡುಕಿದರೆ ಒಂದೂ ದೊರೆಯದು.

ಪಿಡಿಎಫ್‌ನಲ್ಲಿ ಇದಕ್ಕೆ ಪರಿಹಾರವುಂಟು. ಪ್ರತಿಯೊಂದು ಆಕಾರಕ್ಕೆ ಸಂಬಂಧಿಸಿದ ಯೂನಿಕೋಡ್ ಅಕ್ಷರಗಳ ಕೋಷ್ಟಕವನ್ನು ಕಡತದಲ್ಲಿ ಸೇರಿಸಬಹುದು. ಕೋಷ್ಟಕದಿಂದ ಆಕಾರದ ಹೆಸರು ತಿಳಿಯುತ್ತದೆಯೇ ಹೊರತು ಕ್ರಮ ಸರಿಹೋಗುವುದಿಲ್ಲ. ಆದುದರಿಂದ ಪದದ ಅಥವಾ ಅಕ್ಷರಗುಚ್ಛದ ನಿಜವಾದ ಪಠ್ಯವನ್ನು ಪ್ರತ್ಯೇಕವಾಗಿ ದಾಖಲಿಸುವ ವ್ಯವಸ್ಥೆಯೂ ಇದೆ. ಬರಹ ಸಿದ್ಧಪಡಿಸುವ ತಂತ್ರಾಂಶವೇ ನೇರವಾಗಿ ಪಿಡಿಎಫ್ ರಚಿಸಿದಾಗ ಈ ಮಾಹಿತಿ ಉಳಿಯುವ ಸಾಧ್ಯತೆ ಹೆಚ್ಚು, ಏಕೆಂದರೆ ಮೂಲ ಪಠ್ಯ ಅದರ ಬಳಿಯಿರುತ್ತದೆ. ಮುದ್ರಣ ಕಡತದ ಮೂಲಕ ಸುತ್ತಿ ಬಂದಾಗ ಸಾಧ್ಯತೆ ಕುಗ್ಗುತ್ತದೆ.

ಯೂನಿಕೋಡ್‌ಗೆ ಮುನ್ನ ಬಳಕೆಯಲ್ಲಿದ್ದ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟುಗಳ ಸ್ಥಿತಿ ಇನ್ನೂ ಭಿನ್ನ. ಅವುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿತ್ತು. ಕನ್ನಡದ ಗಣಕೀಕರಣದ ಆರಂಭದ ವರ್ಷಗಳಲ್ಲಿ ಈ ಉಪಾಯವು ಸಾವಿರಾರು ಪುಸ್ತಕಗಳನ್ನು ಬೆಳಕಿಗೆ ತರಲು ನೆರವಾಯಿತು. ಆದರೆ ಅಂತಹ ಬರಹದಿಂದ ತಯಾರಿಸಿದ ಪಿಡಿಎಫ್‌ನಲ್ಲಿ ಫಾಂಟ್ ಅಡಕವಾಗಿದ್ದರೂ ಒಳಗಿನ ಪಠ್ಯ ಕನ್ನಡವಲ್ಲ. ಪದವನ್ನು ನಕಲಿಸಿದರೆ ಬೇರೆ ಚಿಹ್ನೆಗಳ ಸಾಲು ಬರುತ್ತದೆ. ಮೂಲ ಬರಹವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಓದಿ ತಿದ್ದಿ, ಅನಂತರ ಪಿಡಿಎಫ್ ತಯಾರಿಸುವುದೇ ಇದಕ್ಕೆ ಯುಕ್ತವಾದ ಕ್ರಮ. ನುಡಿ ಮತ್ತು ಬರಹ ತಂತ್ರಾಂಶಗಳ ಅನಂತರದ ಆವೃತ್ತಿಗಳು ಯೂನಿಕೋಡ್ ಸೌಲಭ್ಯವನ್ನು ಒಳಗೊಂಡಿವೆ.

ಮಾರ್ಗದ ಆಯ್ಕೆ

ಈ ವಿವರಗಳ ಹಿನ್ನೆಲೆಯಲ್ಲಿ ಪಿಡಿಎಫ್ ತಯಾರಿಕೆಯ ಮಾರ್ಗಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು, ಬರಹದ ತಂತ್ರಾಂಶದಲ್ಲಿಯೇ ಇರುವ ಪಿಡಿಎಫ್ ಆಗಿ ಉಳಿಸುವ ಅಥವಾ ರಫ್ತು ಮಾಡುವ ಸೌಲಭ್ಯ. ಕೊಂಡಿ, ಸೂಚಿ, ಪಠ್ಯ, ರಚನೆ ಎಲ್ಲವನ್ನೂ ಉಳಿಸಿಕೊಳ್ಳಲು ಇದು ಉತ್ತಮ. ಎರಡನೆಯದು, ಕಾರ್ಯನಿರ್ವಹಣಾ ವ್ಯವಸ್ಥೆಯೊಂದಿಗೆ ಬರುವ ಕಾಲ್ಪನಿಕ ಪ್ರಿಂಟರ್. ವಿಂಡೋಸ್ ವ್ಯವಸ್ಥೆಯಲ್ಲಿ 2015ರ ಹತ್ತನೆಯ ಆವೃತ್ತಿಯಿಂದ ಇದು ಲಭ್ಯವಿದೆ. ಯಾವುದೇ ತಂತ್ರಾಂಶದಿಂದ ಪುಟವನ್ನು ಪಡೆಯಲು ಇದು ಅನುಕೂಲ. ಆದರೆ ಕೊಂಡಿ ಮತ್ತು ಸೂಚಿಗಳು ಸಾಮಾನ್ಯವಾಗಿ ಉಳಿಯವು. ಮೂರನೆಯದು, ಪೋಸ್ಟ್‌ಸ್ಕ್ರಿಪ್ಟ್ ಕಡತವನ್ನು ತಯಾರಿಸಿ ಪರಿವರ್ತಿಸುವ ಕ್ರಮ. ಹಳೆಯ ತಂತ್ರಾಂಶಗಳಿಗೆ ಬೇರೆ ದಾರಿಯಿಲ್ಲದಿದ್ದಾಗ ಮಾತ್ರ ಇದನ್ನು ಅನುಸರಿಸುವುದು ಸೂಕ್ತ. ಆಗಲೂ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರನ್ನೇ ಆರಿಸಿ, ಹಾಳೆಯ ಅಳತೆಯನ್ನು ಸರಿಯಾಗಿ ಸೂಚಿಸಿ, ಫಾಂಟುಗಳನ್ನು ಕಡತಕ್ಕೆ ಸೇರಿಸುವಂತೆ ಆದೇಶಿಸಬೇಕು.

ದಾಖಲೆಯ ಉದ್ದೇಶಕ್ಕೆ ತಕ್ಕಂತೆ ಪಿಡಿಎಫ್‌ನ ಉಪಮಾನಕಗಳೂ ಇವೆ. ಮುದ್ರಣಾಲಯಕ್ಕೆ ಕಳುಹಿಸಲು ಪಿಡಿಎಫ್-ಎಕ್ಸ್ ಉಚಿತವಾದುದು. ದೀರ್ಘಕಾಲ ಕಾಪಾಡಬೇಕಾದ ದಾಖಲೆಗಳಿಗೆ 2005ರಲ್ಲಿ ರೂಪುಗೊಂಡ ಪಿಡಿಎಫ್-ಎ ಮಾನಕವಿದೆ. ಇದರಲ್ಲಿ ಫಾಂಟ್ ಅಡಕಗೊಳಿಸುವುದು ಕಡ್ಡಾಯ. ಅದರ ಮುಂದಿನ ಭಾಗಗಳಲ್ಲಿ ಯು ಎಂಬ ಅಕ್ಷರದಿಂದ ಗುರುತಿಸಲಾಗುವ ಹಂತವು ಯೂನಿಕೋಡ್ ಸಂಬಂಧವನ್ನೂ ಕಡ್ಡಾಯಗೊಳಿಸುತ್ತದೆ. ಅಂಗವಿಕಲರೂ ಸುಗಮವಾಗಿ ಬಳಸಬಹುದಾದ ದಾಖಲೆಗಳಿಗಾಗಿ 2012ರಲ್ಲಿ ಪಿಡಿಎಫ್-ಯುಎ ಮಾನಕವು ಪ್ರಕಟವಾಯಿತು.

ದಾಖಲೆಯನ್ನು ರವಾನಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು ಸರಳವಾಗಿವೆ. ಓದುವ ತಂತ್ರಾಂಶದ ಗುಣವಿವರಗಳ ಪುಟದಲ್ಲಿ ಫಾಂಟುಗಳ ಪಟ್ಟಿಯನ್ನು ತೆರೆದು, ಪ್ರತಿಯೊಂದರ ಮುಂದೆಯೂ ಅಡಕವಾಗಿದೆ ಎಂಬ ಸೂಚನೆ ಇದೆಯೆ ಎಂದು ನೋಡಬೇಕು. ಕನ್ನಡ ಫಾಂಟ್ ಇಲ್ಲದ ಮತ್ತೊಂದು ಗಣಕಯಂತ್ರದಲ್ಲಿ ಕಡತವನ್ನು ತೆರೆದು ಒತ್ತಕ್ಷರಗಳನ್ನು ಪರಿಶೀಲಿಸಬೇಕು. ಅರ್ಕಾವತ್ತು ಇರುವ ಪದವೊಂದನ್ನು ಹುಡುಕಿ, ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿ, ಅದು ಮೊದಲಿನಂತೆಯೇ ಬಂದಿದೆಯೆ ಎಂದು ಗಮನಿಸಬೇಕು. ಯೂನಿಕೋಡ್‌ನಲ್ಲಿರುವ ಮೂಲ ಬರಹದ ಒಂದು ಪ್ರತಿಯನ್ನು ಪಿಡಿಎಫ್‌ನೊಂದಿಗೆ ಜೋಪಾನವಾಗಿಡುವುದನ್ನು ಮರೆಯಬಾರದು.

ಹೊರನಾಡಿನ ಕನ್ನಡ ಸಂಘದ ಸಂಚಿಕೆಯೊಂದರಲ್ಲಿ ಆ ಊರಿನ ಕನ್ನಡಿಗರ ಬದುಕಿನ ವಿವರಗಳು, ಸಂಸ್ಥೆಯನ್ನು ಕಟ್ಟಿದ ಹಿರಿಯರ ನೆನಪುಗಳು, ಮಕ್ಕಳ ಮೊದಲ ಬರಹಗಳು ಅಡಗಿರುತ್ತವೆ. ಬೇರಾವ ಗ್ರಂಥದಲ್ಲಿಯೂ ಅವು ದೊರೆಯದಿರಬಹುದು. ಮುಂದಿನ ಪೀಳಿಗೆಯವರು ಅವುಗಳನ್ನು ಹುಡುಕುವಾಗ ಪುಟದ ಚೆಲುವಿನೊಡನೆ ಪುಟದೊಳಗಿನ ಪದವೂ ಅವರ ಕೈಗೆ ಸಿಗಬೇಕಾದರೆ, ಕಡತವನ್ನು ತಯಾರಿಸುವ ದಿನವೇ ಆ ಎಚ್ಚರವನ್ನು ವಹಿಸುವುದು ಅಗತ್ಯ.